ಸಹಿ ಬರುವವನ ಹೆಸರು

ನನ್ನ ಬಾಯಿ ಸರಿಯಿಲ್ಲ ಎಂದು ಮನೆಯವಳು ಮೊದಲಿನಿಂದಲೂ ಹೇಳುತ್ತಾಳೆ. ಬಾಯಿಗಿಂತ ಕೈ ಕೆಟ್ಟದ್ದು ಎಂದು ನನಗೆ ಗೊತ್ತಾದದ್ದು ಹೋದ ವರ್ಷ. ಸಾಗರದಲ್ಲಿ ಕಚೇರಿಗಳ ಎದುರಿನ ಸಾಲಿನಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಎರಡು ಪ್ಲಾಸ್ಟಿಕ್ ಕುರ್ಚಿ ಇಟ್ಟುಕೊಂಡು ಇಪ್ಪತ್ತೈದು ವರ್ಷದಿಂದ ಪತ್ರ ಬರೆಯುತ್ತಿದ್ದೇನೆ. ಕ್ರಯಪತ್ರ, ದಾನಪತ್ರ, ಪಾಲುಪತ್ರ, ಹಕ್ಕು ಬಿಡುಗಡೆ ಪತ್ರ. ಜನ ತಮ್ಮ ಜಗಳವನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಬರುತ್ತಾರೆ, ನಾನು ಅದಕ್ಕೆ ನಾಲ್ಕು ದಿಕ್ಕಿನ ಗಡಿ ಬರೆದುಕೊಡುತ್ತೇನೆ.

ಬಂದವರಿಗೆಲ್ಲ ನನ್ನದು ಒಂದೇ ಪಾಠ. “ಪಹಣೀಲಿ ಹೆಸರಿದ್ದ ಕೂಡ್ಲೇ ಜಾಗ ನಿಂದೇ ಆಗ್ತದಾ ಮಾರಾಯಾ? ಕಂದಾಯ ಯಾರ ಹತ್ರ ಕೇಳ್ಬೇಕು ಅಂತ ಸರ್ಕಾರ ಬರ್ಕೊಂಡಿದ್ದು ಅದು.” ಅರ್ಥವಾಗದವರಿಗೆ ರೊಟ್ಟಿಯ ಕತೆ ಹೇಳುತ್ತೇನೆ. “ಒಟ್ಟು ಆಸ್ತಿ ಅಂದ್ರೆ ಕಲಸಿಟ್ಟ ರೊಟ್ಟಿ ಹಿಟ್ಟು. ತಟ್ಟೋ ತನಕ ಯಾವ ರೊಟ್ಟಿ ಯಾರದ್ದು? ಹಿಡಿ ಹಿಟ್ಟು ತೆಗೆದ್ರೂ ಅದ್ರಲ್ಲಿ ಎಲ್ಲರದ್ದೂ ಇರ್ತದೆ.” ಅಕ್ಕತಂಗಿಯರನ್ನು ಬಿಟ್ಟು ಪಾಲುಪತ್ರ ಬರೆಸಲು ಬಂದ ಗಂಡಸರನ್ನಂತೂ ಕುರ್ಚಿಯಿಂದ ಎಬ್ಬಿಸಿ ಕಳಿಸಿದ್ದೇನೆ. “ಅವಳೇನು ಹೊಳೇಲಿ ತೇಲಿ ಬಂದವಳಾ? ಕರ್ಕೊಂಡು ಬಾ ಹೋಗು!” ಪಕ್ಕದ ಮೇಜಿನವರು ನನ್ನನ್ನು ಹೆಣ್ಣುಮಕ್ಕಳ ವಕೀಲ ಎಂದು ಚುಡಾಯಿಸುತ್ತಿದ್ದರು. ಒಳಗೊಳಗೇ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಇಷ್ಟೆಲ್ಲ ಹೇಳುವವನ ಸ್ವಂತ ಗದ್ದೆಯ ಕಾಗದ ಮಾತ್ರ ಹಾಗೇ ಬಿದ್ದಿತ್ತು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ನನಗೇ ಹೇಳಿದ ಮಾತು.

ನಮ್ಮ ಊರು ಹೊಸನಗರ ತಾಲ್ಲೂಕಿನಲ್ಲಿ, ಹುಲಿಕಲ್ ಕಡೆ ಹೋಗುವ ರಸ್ತೆಯಿಂದ ಒಳಗೆ. ಅಜ್ಜನ ಕಾಲದಿಂದ ಒಡೆಯರ ಗದ್ದೆಯನ್ನು ಗೇಣಿಗೆ ಮಾಡಿಕೊಂಡಿದ್ದವರು ನಾವು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ಎಲ್ಲ ಗೇಣಿದಾರರ ಹಾಗೆ ನಮ್ಮ ಮನೆಯವರೂ ಡಿಕ್ಲರೇಷನ್ ಅರ್ಜಿ ಹಾಕಲು ಹೊರಟರು. ಅಜ್ಜ ಆಗಲೇ ಇರಲಿಲ್ಲ. ಮನೆಗೆ ಹಿರಿಯ ನನ್ನ ಅಪ್ಪಯ್ಯ, ಕಿರಿಯ ಚಿಕ್ಕಪ್ಪ. ಇಬ್ಬರೂ ಸಮಸಮ ಉಳುತ್ತಿದ್ದರು. ಆದರೆ ಅಪ್ಪಯ್ಯನಿಗೆ ಅಕ್ಷರ ಬರುತ್ತಿರಲಿಲ್ಲ, ಚಿಕ್ಕಪ್ಪ ನಾಲ್ಕನೇ ಇಯತ್ತೆ ಓದಿದ್ದ. ಹಿಂದೆ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಕೆಟ್ಟವರನ್ನು ಅಪ್ಪಯ್ಯ ಕಂಡಿದ್ದ. “ನಾನು ಬೆರಳು ಒತ್ತಿದ್ರೆ ನಾಳೆ ಯಾರಾದ್ರೂ ಇದು ಅವನ ಬೆರಳೇ ಅಲ್ಲ ಅಂತಾರೆ. ನಮ್ಮನೇಲಿ ಸಹಿ ಬರೋದು ಇವ್ನಿಗೆ. ಇವ್ನ ಹೆಸರೇ ಇರ್ಲಿ” ಎಂದ. ಚಿಕ್ಕಪ್ಪನ ಹೆಸರಿನಲ್ಲೇ ಅರ್ಜಿ ಹೋಯಿತು, ಭೂಮಿಯೂ ಅವನ ಹೆಸರಿಗೇ ಮಂಜೂರಾಯಿತು. ನಮ್ಮ ಕಡೆ ಇದು ಒಂದು ಮನೆಯ ತಪ್ಪಲ್ಲ. ನಾಲ್ವರು ಅಣ್ಣತಮ್ಮಂದಿರು ನಟ್ಟಿ ಮಾಡಿದ ಗದ್ದೆ ಶಾಲೆಗೆ ಹೋದ ಒಬ್ಬನ ಹೆಸರಿನಲ್ಲಿರುವುದನ್ನು ನನ್ನ ಮೇಜಿನ ಮೇಲೆ ಎಷ್ಟು ಸಲ ನೋಡಿದ್ದೇನೋ.

ಮುಂದೆ ಒಲೆ ಬೇರೆಯಾದಾಗ ಗದ್ದೆಯನ್ನೂ ಹಂಚಿಕೊಂಡರು. ನಮ್ಮಲ್ಲಿ ರೂಢಿಯೊಂದಿದೆ: ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ಹಾಗಿದ್ದರೆ ಪಾಲು ಮಾಡುವವನ ಕೈ ನೆಟ್ಟಗಿರುತ್ತದೆ. ಹಳ್ಳದ ಪಕ್ಕದ ಬೈಲು ಗದ್ದೆ ಒಂದು ಪಾಲು, ಮೇಲಿನ ಮಕ್ಕಿ ಗದ್ದೆ ಇನ್ನೊಂದು ಪಾಲು ಎಂದು ಅಪ್ಪಯ್ಯ ತೋರಿಸಿದ. ಮಕ್ಕಿ ಕಡೆ ಒಂದಿಷ್ಟು ಜಾಗ ಹೆಚ್ಚಿದೆ, ಆದರೆ ಮಳೆ ಹಿಂದೆ ಸರಿದ ಕೂಡಲೇ ನೀರು ಆರುತ್ತದೆ. ಬೈಲು ಬಿಟ್ಟು ಮಕ್ಕಿ ಆರಿಸುವ ದಡ್ಡ ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಚಿಕ್ಕಪ್ಪ ಮಕ್ಕಿಯನ್ನೇ ಆರಿಸಿದ. “ಅತ್ತಿಗೆ ಎರಡು ಮಕ್ಕಳಿಗೆ ಉಣ್ಸಬೇಕು. ನಂಗಿನ್ನೂ ಮಕ್ಕಳಿಲ್ಲ” ಎಂದನಂತೆ. ಹಂಚಿಕೆಯ ಚೀಟಿಯನ್ನು ಅವನೇ ಬರೆದ, ಬರೆಯಲು ಬರುತ್ತಿದ್ದದ್ದು ಅವನಿಗೇ ತಾನೆ. ರಿಜಿಸ್ಟ್ರಿ ಮಾಡಿಸಲಿಲ್ಲ. ಪಹಣಿಯಲ್ಲಿ ಎರಡೂ ಗದ್ದೆ ಅವನ ಹೆಸರಿನಲ್ಲೇ ಉಳಿದವು.

ಅಪ್ಪಯ್ಯ, ಅಮ್ಮ ತೀರಿಹೋದರು. ನಾನು ಸಾಗರ ಸೇರಿದೆ. ತಂಗಿ ಗಂಡನ ಮನೆಯ ಸಂಸಾರ ಸಾಕಾಗಿ ಒಂದು ಬ್ಯಾಗು ಹಿಡಿದು ಊರಿಗೆ ವಾಪಸಾದಳು. ಹದಿನೈದು ವರ್ಷದಿಂದ ಬೈಲು ಗದ್ದೆ ಮಾಡುತ್ತಿರುವವಳು ಅವಳೇ. ಟಿಲ್ಲರಿನವನಿಗೆ ಫೋನು ಹಚ್ಚಿ ಬೈಯುವವಳೂ ಅವಳೇ, ಮೊಣಕಾಲು ಕೆಸರಿನಲ್ಲಿ ನಿಂತು ಸಸಿ ನೆಡುವವಳೂ ಅವಳೇ. ನಾನು ಕೊಯ್ಲಾದ ಮೇಲೆ ಹೋಗಿ ಅಕ್ಕಿ ಮೂಟೆ ತರುವವನು. ಆ ಗದ್ದೆ ಹೋದರೆ ಅವಳಿಗೆ ಅನ್ನ ಇಲ್ಲ.

ಹೋದ ವರ್ಷ ಚಿಕ್ಕಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಆಗ ನನಗೆ ಭಯ ಶುರುವಾಯಿತು. ಅವನು ಹೋದರೆ ಎರಡೂ ಗದ್ದೆ ಪೌತಿ ಖಾತೆಯಾಗಿ ಅವನ ಮಕ್ಕಳ ಹೆಸರಿಗೆ ಬರುತ್ತವೆ. ಆಮೇಲೆ ಹಳೇ ಚೀಟಿ ಹಿಡಿದು ಕೋರ್ಟಿನ ಕಟ್ಟೆ ಸವೆಸಬೇಕು. ಇದೇ ಯೋಚನೆಯಲ್ಲಿದ್ದಾಗ ಚಿಕ್ಕಪ್ಪನ ಮಗ ಫೋನು ಮಾಡಿದ. “ಅಣ್ಣ, ಅಪ್ಪಯ್ಯ ಗದ್ದೆ ರಿಜಿಸ್ಟ್ರಿ ಮಾಡಿಸ್ಬೇಕು ಅಂತ ಹಟ ಹಿಡ್ದಿದಾನೆ. ಎಂತೆಂತ ಕಾಗ್ದ ಬೇಕು?”

ಯಾರ ಹೆಸರಿಗೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಇಪ್ಪತ್ತೈದು ವರ್ಷ ಅಣ್ಣತಮ್ಮಂದಿರ ಮೋಸವನ್ನೇ ಟೈಪು ಮಾಡಿದ ಬುದ್ಧಿ ಇನ್ನೆಲ್ಲಿಗೆ ಹೋಗುತ್ತದೆ? ಮಗನ ಹೆಸರಿಗೆ ಮಾಡಿಸುತ್ತಿದ್ದಾರೆ, ಅದಕ್ಕೆ ನನ್ನ ಹತ್ತಿರವೇ ದಾರಿ ಕೇಳುವಷ್ಟು ಸೊಕ್ಕು ಎಂದುಕೊಂಡೆ. ಅವತ್ತೇ ಚಿಕ್ಕಪ್ಪನ ಹೆಸರಿಗೆ ನೋಟಿಸು ಟೈಪು ಮಾಡಿ, ಗೊತ್ತಿದ್ದ ವಕೀಲರ ಸಹಿ ಹಾಕಿಸಿ, ಸ್ಪೀಡ್ ಪೋಸ್ಟಿಗೆ ಹಾಕಿದೆ.

ನಾಲ್ಕು ದಿನ ಬಿಟ್ಟು ತಂಗಿಯ ಫೋನು ಬಂತು. “ಅಣ್ಣಯ್ಯ, ನಿಂಗೆ ಎಂತ ಹುಚ್ಚು ಹಿಡಿದಿದೆ? ಚಿಕ್ಕಪ್ಪ ಮಧ್ಯಾಹ್ನದಿಂದ ಉಂಡಿಲ್ಲ. ನಾಳೆ ಬಾ ನೀನು.”

ಹೋದೆ. ಚಿಕ್ಕಪ್ಪ ಜಗಲಿಯ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ. ನೋಟಿಸನ್ನು ದಿಂಬಿನ ಅಡಿಯಿಂದ ಎಡಗೈಯಲ್ಲಿ ಎಳೆದು ನನ್ನ ಕಡೆ ಚಾಚಿದ. ಮಾತು ತುಸು ತೊದಲುತ್ತಿತ್ತು, ತಲೆ ಮಾತ್ರ ಸರಿಯಾಗಿತ್ತು. “ಓದು” ಎಂದ. ನಾನೇ ಬರೆದದ್ದನ್ನು ನಾನೇ ಓದಿದೆ. ‘ಕುಟುಂಬದ ಜಂಟಿ ಆಸ್ತಿಯನ್ನು ದುರುದ್ದೇಶದಿಂದ ಕಬಳಿಸುವ ಹುನ್ನಾರ ನಡೆಸಿದ್ದು’ ಎನ್ನುವುದನ್ನು ದನಿ ತಗ್ಗಿಸಿ ಓದಿದೆ. ಮೇಜಿನ ಹತ್ತಿರ ಅದು ಬರೀ ಒಂದು ಸಾಲು, ಎಲ್ಲ ನೋಟಿಸಿಗೂ ಹಾಕುವಂಥದ್ದು.

“ಕಬಳಿಸೋದು ಅಂದ್ರೆ ಎಂತ ಮಾಡೋದು?” ಚಿಕ್ಕಪ್ಪ ನಿಜವಾಗಿಯೂ ಕೇಳುತ್ತಿದ್ದ.

ಅವನ ಮಗ ಬಾಗಿಲಲ್ಲಿ ನಿಂತು ಕುದಿಯುತ್ತಿದ್ದ. “ಯಾರ ಹೆಸರಿಗೆ ಅಂತ ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಅಣ್ಣ? ಬೈಲು ಗದ್ದೆನ ನಿಮ್ಮ ಕಡೆಗೆ ಮಾಡಿಕೊಡ್ಬೇಕು ಅಂತ ಹಟ ಹಿಡಿದಿದ್ದು ಇವನು!”

“ಅದು ಬಿಡು” ಎಂದ ಚಿಕ್ಕಪ್ಪ. “ಇದ್ರಲ್ಲಿ ಇವಳ ಹೆಸ್ರೆಲ್ಲಿ?”

ಗೋಡೆಯ ಹತ್ತಿರ ನನಗೆಂದು ಚಹಾ ಹಿಡಿದು ನಿಂತಿದ್ದಳು ತಂಗಿ. ಕಾಗದದ ಮೇಲೆ ಕಣ್ಣಾಡಿಸಿದೆ. ‘ನಮ್ಮ ಕಕ್ಷಿದಾರರು ಮೃತರ ಏಕೈಕ ವಾರಸುದಾರರಾಗಿದ್ದು’ ಎಂದಿತ್ತು. ಏಕೈಕ! ಅಯ್ಯೋ ದೇವರೇ. ಊರವರ ಅಕ್ಕತಂಗಿಯರಿಗೆ ಗಂಟಲು ಹರಿದುಕೊಂಡವನು ನನ್ನ ಒಬ್ಬಳೇ ತಂಗಿಯನ್ನು, ಯಾರ ಅನ್ನಕ್ಕೆಂದು ಈ ಕಾಗದ ಬರೆದೆನೋ ಅವಳನ್ನೇ, ಹುಟ್ಟಿಯೇ ಇಲ್ಲವೆಂಬಂತೆ ಬಿಟ್ಟಿದ್ದೆ. ಬೇಕೆಂದು ಬಿಟ್ಟದ್ದಲ್ಲ, ನೆನಪೇ ಆಗಿರಲಿಲ್ಲ. ಅದು ಇನ್ನೂ ದೊಡ್ಡ ನಾಚಿಕೆ. ಅವಳು ಚಹಾ ನನ್ನ ಕೈಗೆ ಕೊಟ್ಟಳು.

“ನೀನೂ ನನ್ನ ಹಾಗೇ ಆದ್ಯಲ್ಲ” ಎಂದ ಚಿಕ್ಕಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. “ಬರೆಯೋಕೆ ಬಂದವನ ಹೆಸ್ರೇ ಬಂತು.” ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡ. “ಪಾಲು ಮಾಡೋದು ಹಿರಿಯ. ನಿನ್ನಪ್ಪ ಇಲ್ಲ, ಈಗ ನಾನೇ ಹಿರಿಯ. ಬೈಲು ಒಂದು, ಮಕ್ಕಿ ಒಂದು. ಕಿರಿಯರು ಆರಿಸ್ಲಿ.”

ನಾನು ಬಾಯಿ ತೆರೆದೆ. ಚಿಕ್ಕಪ್ಪ ಎಡಗೈ ಎತ್ತಿದ. “ನೀನಲ್ಲ. ನಿನ್ನಪ್ಪನ ಮಕ್ಕಳಲ್ಲಿ ಕಿರಿಯಳು ಇವಳು.”

“ನಾನು ಆರ್ಸೋದಾ?” ತಂಗಿ ನಕ್ಕಳು, ಕಣ್ಣಲ್ಲಿ ನೀರಿತ್ತು. “ಬೈಲೇ ಇರ್ಲಿ ಚಿಕ್ಕಪ್ಪ. ಅಲ್ಲಿ ಏಡಿಗಳಿಗೂ ನನ್ನ ಕಾಲು ಗೊತ್ತು.”

ಪಾಲುಪತ್ರವನ್ನು ನಾನೇ ಬರೆದೆ. ಬೈಲಿನಲ್ಲಿ ನನಗೆ ಬರಬೇಕಾದ ಅರ್ಧವನ್ನೂ ಅವಳಿಗೇ ಬಿಟ್ಟೆ. ದೊಡ್ಡತನದಿಂದಲ್ಲ, ನಾಚಿಕೆಯಿಂದ. ಹೇಳಿದಾಗ ಅವಳು, “ಉಪಕಾರ ಮಾಡ್ದವರ ಹಾಗೆ ಮುಖ ಮಾಡ್ಬೇಡ. ಅಕ್ಕಿ ಮೂಟೆ ಹೊರೋದು ಬಿಡ್ತೀಯನಾ ನೀನು?” ಎಂದಳು.

ರಿಜಿಸ್ಟ್ರಿಗೆ ಹೊಸನಗರಕ್ಕೆ ಹೋದೆವು. ಚಿಕ್ಕಪ್ಪನ ಮಗಳು ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸಿಗೇ ಬಂದು ನಗುನಗುತ್ತ ಸಹಿ ಹಾಕಿದಳು. ಮಗನೂ ಹಾಕಿದ, ನನ್ನ ಮುಖ ನೋಡದೆ. ತಂಗಿ ತನ್ನ ಹೆಸರನ್ನು ದೊಡ್ಡದಾಗಿ, ಒಂದೊಂದೇ ಅಕ್ಷರ ಬರೆದಳು. ಕೊನೆಗೆ ಚಿಕ್ಕಪ್ಪನ ಸರದಿ. ಬಲಗೈಯ ಬೆರಳುಗಳು ಪೆನ್ನನ್ನು ಹಿಡಿಯಲಿಲ್ಲ. ಎಡಗೈಯಲ್ಲಿ ಪ್ರಯತ್ನಿಸಿದ. ಮೊದಲ ಅಕ್ಷರವೇ ಸೊಟ್ಟಗೆ ಹರಿದು ನಿಂತಿತು.

“ಹೆಬ್ಬೆಟ್ಟು ಸಾಕು ಅಜ್ಜ” ಎಂದರು ಕಚೇರಿಯವರು, ಮೆಲ್ಲಗೆ.

ಚಿಕ್ಕಪ್ಪ ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದ. “ನಾಳೆ ಯಾರಾದ್ರೂ ಇದು ಅವನ ಬೆರಳೇ ಅಲ್ಲ ಅಂದ್ರೆ?”

ಅಪ್ಪಯ್ಯ ಅಂದು ಆಡಿದ ಮಾತನ್ನು ಅವನು ಇಷ್ಟು ವರ್ಷ ಮರೆತಿರಲಿಲ್ಲ. ತಂಗಿ ಅವನ ಎಡಗೈಯ ಹೆಬ್ಬೆರಳನ್ನು ಶಾಯಿಗೆ ಒತ್ತಿಸಿ, ಕಾಗದದ ಮೇಲೆ ಇಡಿಸಿ, ಸೆರಗಿನಲ್ಲಿ ಒರೆಸಿದಳು. ಹೆಬ್ಬೆಟ್ಟಿನ ಪಕ್ಕದಲ್ಲಿ ಅದು ಯಾರದೆಂದು ಬರೆಯಬೇಕಾದವನು ಪತ್ರ ಬರೆದವನೇ. ಬೇರೆಯವರ ಬೆರಳಿಗೆ ಕಣ್ಣು ಮುಚ್ಚಿ ಬರೆದಿದ್ದೇನೆ. ಅವತ್ತು ಆ ಗುರುತನ್ನು ಎರಡು ಸಲ ನೋಡಿದೆ. ‘ಇದು ನನ್ನ ಚಿಕ್ಕಪ್ಪನ ಎಡಗೈ ಹೆಬ್ಬೆಟ್ಟಿನ ಗುರುತು, ನಾನು ಬಲ್ಲೆ’ ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿದೆ.