ವಲ್ಲಿಯ ಕೆಳಗಿನ ಬೆಲೆ

ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ಆಗ ಬೆಲೆಯನ್ನು ಯಾರೂ ಬಾಯಿಂದ ಹೇಳುತ್ತಿರಲಿಲ್ಲ. ಕೊಳ್ಳುವವನೂ ದಲಾಲಿಯೂ ಎದುರುಬದುರು ನಿಂತು ಕೈಗೆ ಕೈ ಕೊಡುವರು, ಹೆಗಲ ಮೇಲಿನ ವಲ್ಲಿಯನ್ನು ಎರಡೂ ಕೈಗಳ ಮೇಲೆ ಹೊದಿಸುವರು, ಒಳಗೆ ಬೆರಳು ಹಿಡಿದು ಒತ್ತಿ ವ್ಯಾಪಾರ ಮುಗಿಸುವರು. ಸುತ್ತ ನಿಂತವರಿಗೆ ಕಾಣುವುದು ಅಲುಗಾಡುವ ಬಟ್ಟೆ ಮಾತ್ರ. ಹತ್ತಿಗೆ ಈ ಪದ್ಧತಿ ಸರಿಯೋ ತಪ್ಪೋ ನಾನು ಹೇಳಲಾರೆ. ಮೋಟಾರು ರಿಪೇರಿಗೆ ಅದು ತಪ್ಪು ಎಂದು ಮಾತ್ರ ಮೊದಲ ದಿನವೇ ಅನ್ನಿಸಿತ್ತು.

ಪೇಟೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ಒಂದು ಗ್ಯಾರೇಜಿತ್ತು. ಅದನ್ನು ನಡೆಸುತ್ತಿದ್ದ ಮಿಸ್ತ್ರಿ ಕೆಲಸವನ್ನು ರೇಲ್ವೆ ವರ್ಕ್‌ಶಾಪಿನಲ್ಲಿ ಕಲಿತಿದ್ದ, ಬೆಲೆ ಹೇಳುವುದನ್ನು ಗಿರಾಕಿಗಳಿಂದ ಕಲಿತಿದ್ದ. ಗಿರಾಕಿಗಳು ಬಹುತೇಕ ಹತ್ತಿ ವ್ಯಾಪಾರಿಗಳು. ಗಾಡಿ ರಿಪೇರಿ ಮುಗಿದ ಮೇಲೆ ಅವನು ಎಣ್ಣೆಗೈ ಒರೆಸಿಕೊಂಡು ಮುಂದೆ ಚಾಚುವನು, ಗಿರಾಕಿ ತನ್ನ ವಲ್ಲಿ ಹೊದಿಸುವನು. ಬೆಂಚಿನ ಮೇಲೆ ಕೂತ ಇನ್ನೊಬ್ಬ ಗಿರಾಕಿಗೆ ಎಷ್ಟಾಯಿತೆಂದು ತಿಳಿಯುತ್ತಿರಲಿಲ್ಲ. ಚೀಟಿ ಬರೆದುಕೊಡುವ ರೂಢಿಯೂ ಇರಲಿಲ್ಲ.

ನಾನು ಆಗ ಊರಿನ ಒಂದು ಧರ್ಮಾರ್ಥ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ನನಗೆ ಕೆಲಸ ಕಲಿಸಿದವರು ಗಂಟೆ ಬಾರಿಸಿ ಎಬ್ಬಿಸುತ್ತಿದ್ದರು, ಗಂಟೆ ಬಾರಿಸಿ ಉಣ್ಣಿಸುತ್ತಿದ್ದರು. ಹೆರಿಗೆ ಕೋಣೆಗೆ ಎಷ್ಟು ಕತ್ತರಿ, ಎಷ್ಟು ಚಿಮಟ, ಎಷ್ಟು ಅರಳೆಯ ಉಂಡೆ ಹೋದವೋ ಅಷ್ಟೂ ಹೊರಗೆ ಬರಬೇಕು. ಒಂದು ಉಂಡೆ ಕಡಿಮೆ ಬಿದ್ದರೂ ಯಾರೂ ಕೋಣೆ ಬಿಟ್ಟು ಕದಲುವಂತಿರಲಿಲ್ಲ. ಹಾಗೆ ಬೆಳೆದವಳಿಗೆ ಬಟ್ಟೆಯ ಕೆಳಗೆ ನಡೆಯುವ ಯಾವುದರ ಮೇಲೂ ನಂಬಿಕೆ ಬರುವುದು ಕಷ್ಟ.

ಆಸ್ಪತ್ರೆಗೆ ಒಂದು ಹಳೆಯ ಮೋಟಾರಿತ್ತು. ಆಸ್ಪತ್ರೆ ನಡೆಸುವ ಪಂಚ ಕಮಿಟಿಯ ಮುಖ್ಯಸ್ಥರು ದೊಡ್ಡ ಹತ್ತಿ ಸಾವಕಾರರು. ತಾವು ಹೊಸ ಗಾಡಿ ತಗೊಂಡಾಗ ಹಳೆಯದನ್ನು ನಮಗೆ ಧರ್ಮಕ್ಕೆ ಕೊಟ್ಟಿದ್ದರು. ಅದಕ್ಕೆ ಮೊದಲು ನಾವು ಹಳ್ಳಿಗಳಿಗೆ ಚಕ್ಕಡಿಯಲ್ಲಿ ಹೋಗುತ್ತಿದ್ದೆವು. ಒಂದು ಮಳೆಗಾಲ ಸುಳ್ಳ ಎಂಬ ಹಳ್ಳಿಯಿಂದ ಕರೆ ಬಂತು. ಎರೆಮಣ್ಣಿನಲ್ಲಿ ಗಾಲಿ ಹೂತು, ಎತ್ತು ಬಿಚ್ಚಿ, ಗಾಲಿ ಎತ್ತಿ, ನಾವು ಮುಟ್ಟಿದಾಗ ಹೆರಿಗೆಯ ಹೆಣ್ಣುಮಗಳ ತಾಯಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬನ್ನಿ ಎನ್ನಲಿಲ್ಲ. ನನ್ನ ಪೆಟ್ಟಿಗೆ ತೆರೆಯುವ ಕೆಲಸ ಉಳಿದಿರಲಿಲ್ಲ. ಆದ್ದರಿಂದ ಆ ಮೋಟಾರು ಎಷ್ಟೇ ಹಳೆಯದಾಗಿರಲಿ, ಅದು ಇರಬೇಕು ಎಂಬುದು ನನ್ನ ಹಟ.

ಹಳ್ಳಿಯ ದಾರಿಗೆ ಗಾಡಿಯ ಭಾರ ಹೊರುವ ಹಿಂದಿನ ಕಮಾನಿನ ಉಕ್ಕಿನ ಪಟ್ಟಿ ಮೇಲಿಂದ ಮೇಲೆ ಮುರಿಯುತ್ತಿತ್ತು. ಒಂದೇ ವರ್ಷದಲ್ಲಿ ಎರಡು ಸಲ ಮುರಿಯಿತು. ಎರಡು ಸಲವೂ ಸಾವಕಾರರೇ ಗ್ಯಾರೇಜಿಗೆ ಬಂದು ವಲ್ಲಿಯ ಕೆಳಗೆ ಮಿಸ್ತ್ರಿಯ ಕೈ ಹಿಡಿದರು, ತಮ್ಮ ಕೈಯಿಂದ ರೊಕ್ಕ ಸಂದಾಯ ಮಾಡಿ, ಆಮೇಲೆ ಆಸ್ಪತ್ರೆಯ ಪೆಟ್ಟಿಗೆಯಿಂದ ಅಷ್ಟನ್ನು ತಗೊಂಡರು. ಎರಡನೆಯ ಸಲ ನಾನು ಗಾಡಿಯಲ್ಲೇ ಕೂತಿದ್ದೆ. ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ನಗುತ್ತ ಬಂದರು.

"ಎಷ್ಟಾತ್ರಿ?" ಅಂದೆ.

"ಇಪ್ಪತ್ತೆರಡಕ್ಕ ತಂದೇನಿ. ಅಂವ ಮೂವತ್ತರಿಂದ ಶುರು ಮಾಡಿದ್ದ."

"ಅದರಾಗ ಸಾಮಾನಿಗೆ ಎಷ್ಟು, ಮಜೂರಿಗೆ ಎಷ್ಟು?"

"ಬೆರಳಿನ್ಯಾಗ ಅಷ್ಟೆಲ್ಲ ಬರೂದಿಲ್ಲ ಅಕ್ಕಾರ. ಬೆರಳು ಒಟ್ಟು ಹೇಳತಾವ."

"ಮುರದ ಹಳೇ ಪಟ್ಟಿ ಎಲ್ಲೈತ್ರಿ? ನೋಡಬೇಕಾಗಿತ್ತು."

"ನೀವು ಹೆರಿಗಿ ಮಾಡಸ್ರಿ. ವ್ಯಾಪಾರ ನನಗ ಬಿಡ್ರಿ."

ಮಿಸ್ತ್ರಿ ದೂರದಿಂದಲೇ, "ಲಡಾಯಿ ಐತ್ರಿ ಅಕ್ಕಾರ, ಸಾಮಾನು ಸಿಗವಲ್ದು," ಎಂದು ಕೂಗಿದ. ಎರಡನೆಯ ಮಹಾಯುದ್ಧದ ಆ ದಿನಗಳಲ್ಲಿ ಹಾಲಿಗೆ ನೀರು ಬೆರೆಸಿದವನೂ ಲಡಾಯಿ ಐತ್ರಿ ಎನ್ನುತ್ತಿದ್ದ.

ಇಪ್ಪತ್ತೆರಡು ರೂಪಾಯಿ ಎಂದರೆ ನಮ್ಮ ಆಸ್ಪತ್ರೆಗೆ ಸಣ್ಣ ಮಾತಲ್ಲ. ಇನ್ನೊಮ್ಮೆ ಹೀಗೆ ಖರ್ಚು ಬಂದರೆ ಗಾಡಿ ಮಾರಿಬಿಡುವುದೆಂದು ಕಮಿಟಿಯವರು ಮಾತಾಡಿಕೊಂಡರು. ಗದಗಿನ ಕಡೆಯ ಒಬ್ಬರು ಕೊಳ್ಳಲು ತಯಾರೂ ಇದ್ದರು. ಮುಂದಿನ ಸಭೆಯಲ್ಲಿ ತೀರ್ಮಾನ ಎಂದಾಯಿತು.

ಸಭೆಗೆ ಒಂದು ವಾರ ಇರುವಾಗ ಪಟ್ಟಿ ಮತ್ತೆ ಮುರಿಯಿತು. ಸಾವಕಾರರು ಮುಂಬಯಿಗೆ ಹೋಗಿದ್ದರು. ನಾನು ಡ್ರೈವರನ ಜೊತೆ ಗ್ಯಾರೇಜಿಗೆ ಹೊರಟೆ.

ಡ್ರೈವರ್ ವಯಸ್ಸಾದವನು, ಅಂಜುಬುರುಕ. "ಸಾವಕಾರ್ರು ಬರೂ ತನಕ ತಡೀರಿ ಅಕ್ಕಾರ. ಅದು ಗಂಡಸರ ಜಾಗಾ," ಎಂದ.

"ಹೆರಿಗಿ ಸಾವಕಾರ್ರು ಬರೂ ತನಕ ತಡೀತಾವೇನು? ನಡಿ," ಎಂದೆ.

ಪೇಟೆಗೆ ಬಿಡುವಿನ ಹೊತ್ತು. ಬೆಂಚಿನ ಮೇಲೆ ನವಲಗುಂದದ ಕಡೆ ಮಂದಿಯನ್ನು ಒಯ್ಯುವ ಸರ್ವಿಸ್ ಮೋಟಾರು ಬಿಡುವ ಒಬ್ಬರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ನನ್ನನ್ನು ಕಂಡು ಕಾಲು ಇಳಿಸಿ ಜಾಗ ಬಿಟ್ಟರು. ಕೆಲಸ ಮುಗಿಯುವವರೆಗೆ ನಾನು ಅಲ್ಲಿಂದ ಏಳಲಿಲ್ಲ. ಮಿಸ್ತ್ರಿ ಎರಡು ಸಲ ಚಹಾ ತರಿಸಲೇ ಎಂದು ಕೇಳಿದ, ಒಂದು ಸಲ ಬಿಸಿಲು ಬಹಳ ಐತಿ, ಮನಿಗೆ ಹೋಗ್ರಿ ಎಂದ. ಅವನ ಉಪಚಾರ ಹೆಚ್ಚಾದಷ್ಟೂ ನನ್ನ ಕಣ್ಣು ಕಮಾನಿನ ಮೇಲೆ ಹೆಚ್ಚು ನಟ್ಟಿತು. ಹೊಸಾದು ಎಂದು ಹೇಳಿ ಹಾಕುತ್ತಿದ್ದ ಪಟ್ಟಿಗೆ ಕಪ್ಪು ಬಣ್ಣ ಬಳಿದಿತ್ತು. ಎದ್ದುಹೋಗಿ ತಲೆಪಿನ್ನಿನಿಂದ ಕೆರೆದೆ. ಕೆಳಗೆ ತುಕ್ಕು.

"ಇದು ಹೊಸಾದು ಅಂದ್ರಿ?"

"ಲಡಾಯ್ಯಾಗ ಹೊಸಾದು ಎಲ್ಲಿಂದ ತರ್ಲಿರಿ? ಬ್ಯಾರೆ ಗಾಡೀದು ತಗದು ಹಾಕೇನಿ. ನಿಮ್ಮ ಗಾಡಿಗೆ ಹೊಸಾದಽ ಅಲ್ರೀ!"

ಬೆಂಚಿನವರು ಜೋರಾಗಿ ನಕ್ಕರು.

ಕೆಲಸ ಮುಗಿಯಿತು. ಮಿಸ್ತ್ರಿ ರೂಢಿಯಂತೆ ಕೈ ಒರೆಸಿಕೊಂಡು ಬಲಗೈ ಮುಂದೆ ಚಾಚಿದ. ಅರ್ಧಕ್ಕೆ ಬಂದ ಮೇಲೆ ಎದುರಿಗೆ ನಿಂತಿರುವುದು ಹೆಂಗಸು ಎಂದು ಹೊಳೆಯಿತು. ಕೈ ಹಿಂದೆ ತಗೊಂಡ.

"ಸಾವಕಾರ್ರು ಬರ್ಲಿ ಅಕ್ಕಾರ. ಅವರ ಕೈಗೆ ಹೇಳತೇನಿ."

"ಕೈಗೆ ಯಾಕ್ರಿ? ನನಗ ಕಿವಿ ಅದಾವ. ಕಿವಿಗೆ ಹೇಳ್ರಿ."

ಅವನು ಆಚೀಚೆ ನೋಡಿ, ಪಿಸುಗುಟ್ಟಲೆಂದು ಹತ್ತಿರ ಬಂದ. ನಾನು ಹಿಂದೆ ಸರಿದೆ.

"ಅಲ್ಲಿಂದಽ ಹೇಳ್ರಿ. ನನಗ ಚಲೋ ಕೇಳಸ್ತೈತಿ. ಸಾಮಾನಿಗೆ ಎಷ್ಟು, ಮಜೂರಿಗೆ ಎಷ್ಟು, ಬಿಡಿಸಿ ಹೇಳ್ರಿ."

ಅವನು ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. ಬೆಂಚಿನವರ ಕಡೆ ಒಮ್ಮೆ ನೋಡಿದ. ಹೆಚ್ಚು ಹೇಳಿದರೆ ನನ್ನ ಪ್ರಶ್ನೆಗಳಿದ್ದವು. ಕಡಿಮೆ ಹೇಳಿದರೆ ಕೇಳಿಸಿಕೊಳ್ಳುವವರು ಅಲ್ಲೇ ಕೂತಿದ್ದರು.

"ಪಟ್ಟಿಗೆ ಐದು. ಮಜೂರಿ ಮೂರು," ಎಂದ.

ಬೆಂಚಿನವರು ಎದ್ದು ನಿಂತರು. "ಏ ಮಿಸ್ತ್ರಿ! ಹೋದ ಅಮಾಸಿಗೆ ನನ್ನ ಮೋಟಾರಿಗೆ ಇದಽ ಕೆಲಸ ಮಾಡಿದಿ. ನನ್ನ ಕೈಯಾಗ ಎಷ್ಟು ಬೆರಳು ಹಿಡದಿದ್ದಿ?"

"ನಿಮ್ದು ದೊಡ್ಡ ಗಾಡಿರಿ ಅಣ್ಣಾರ."

"ಗಾಡಿ ದೊಡ್ಡದೋ, ನಿನ್ನ ಹೊಟ್ಟಿ ದೊಡ್ಡದೋ? ಅಕ್ಕಾರ, ನಾಳೆ ನನ್ನ ಗಾಡಿ ತರತೇನಿ, ನೀವಽ ಬಂದು ಕೂಡ್ರಿ!"

ಅವರಿಬ್ಬರ ಜಗಳ ಬೆಳೆಯುತ್ತಿರುವಾಗಲೇ ನಾನು ಎಂಟು ರೂಪಾಯಿ ಕೊಟ್ಟು ಗಾಡಿ ಹತ್ತಿದೆ. ಸಂತೋಷವಾಗಬೇಕಿತ್ತು. ಆಗಲಿಲ್ಲ. ಅದೇ ಕಮಾನು, ಅದೇ ಪಟ್ಟಿ, ಅದೇ ಮಿಸ್ತ್ರಿ. ಆ ಇಪ್ಪತ್ತೆರಡರಲ್ಲಿ ಉಳಿದದ್ದು ಯಾರ ಕೈ ಸೇರಿತ್ತು? ವಲ್ಲಿಯ ಕೆಳಗೆ ಇದ್ದದ್ದು ಎರಡು ಕೈ. ಅಲ್ಲಿಯವರೆಗೆ ನಾನು ಒಂದೇ ಕೈಯ ಮೇಲೆ ಸಂಶಯಪಟ್ಟಿದ್ದೆ.

ಸಾವಕಾರರು ಸಭೆಯ ದಿನವೇ ಮುಂಬಯಿಯಿಂದ ಬಂದರು. ಕಮಿಟಿಯವರೆಲ್ಲ ಗಾದಿಯ ಮೇಲೆ ಲೋಡಿಗೆ ಒರಗಿ ಕೂತಿದ್ದರು. ಗಾಡಿ ಮಾರುವ ಮಾತು ಬಂತು. ನಾನು ಬಾಗಿಲ ಬಳಿ ನಿಂತು, ಕಮಾನು ಮತ್ತೆ ಮುರಿದಿತ್ತು, ಎಂಟು ರೂಪಾಯಿಗೆ ಕೆಲಸವಾಯಿತು ಎಂದೆ.

"ಎಂಟಾ?" ಎಂದು ಸಾವಕಾರರು ನಕ್ಕರು. "ನಿಮ್ಮನ್ನ ನೋಡಿ ಧರ್ಮಕ್ಕ ಮಾಡ್ಯಾನ ತಗೋರಿ."

"ಧರ್ಮದ ಆಸ್ಪತ್ರಿ ಗಾಡಿ ಅಂತ ಅವಗ ಮೊದಲೂ ಗೊತ್ತಿತ್ತಲ್ರಿ. ಮಜೂರಿ ಮೂರು, ಸಾಮಾನು ಐದು. ಹಳೇ ಸಾಮಾನು."

ಕಮಿಟಿಯಲ್ಲಿ ಒಬ್ಬ ವಕೀಲರಿದ್ದರು. ಅವರು ಮೆಲ್ಲಗೆ, "ಹಂಗಾದ್ರ ಅಂವ ನಿಮಗ ಮೋಸ ಮಾಡ್ಯಾನ ಅನ್ರಿ, ಸಾವಕಾರ್ರ," ಎಂದರು.

ಸಾವಕಾರರಿಗೆ ಅದು ಸುಲಭದ ದಾರಿ. ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವರ ಮುಖ ಕೆಂಪಾಯಿತು. "ಈ ಪೇಟ್ಯಾಗ ನನ್ನ ಕೈ ಹಿಡದು ಇವತ್ತಿನ ತನಕ ಯಾವನೂ ಮೋಸ ಮಾಡಿಲ್ಲ!" ಎಂದರು.

ಅವರಿಗೆ ಮೋಸವಾಗಿಲ್ಲವಾದರೆ ಆ ರೊಕ್ಕ ಎಲ್ಲಿ ಹೋಯಿತು ಎಂಬ ಮುಂದಿನ ಪ್ರಶ್ನೆ ಎಲ್ಲರ ಮುಖದ ಮೇಲೂ ಇತ್ತು. ಅವರೂ ಅದನ್ನು ಕಂಡರು. ವಲ್ಲಿಯನ್ನು ಹೆಗಲಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಗಾಡಿ ಇರ್ಲಿ," ಎಂದರು ಕಡೆಗೆ. "ಹಿಂದಿನ ಎರಡು ಸಲದ ಹೆಚ್ಚಿನ ರೊಕ್ಕ ನಾ ತುಂಬತೇನಿ. ಇನ್ನ ಮ್ಯಾಲೆ ಗ್ಯಾರೇಜಿಗೆ ಅಕ್ಕಾರ ಹೋಗ್ಲಿ."

ಹತ್ತಿ ವ್ಯಾಪಾರಿಗೆ ಬೆರಳಿನ ಮೇಲಿನ ನಂಬಿಕೆಯೇ ಬಂಡವಾಳ. ಮಿಸ್ತ್ರಿ ಒಬ್ಬ ಅವರ ಬೆರಳನ್ನು ಗೆದ್ದ ಎಂಬ ಸುದ್ದಿ ಹಬ್ಬಿದರೆ ಮರುದಿನ ಪೇಟೆಯಲ್ಲಿ ಅವರ ಕೈ ಹಿಡಿಯುವವರೆಲ್ಲ ಒಳಗೊಳಗೆ ನಗುವರು. ಅದಕ್ಕಿಂತ ನಾಲ್ಕು ಜನ ತಮ್ಮ ಮೇಲೆ ಸಂಶಯಪಟ್ಟರೂ ಚಿಂತೆಯಿಲ್ಲ ಎಂದುಕೊಂಡರೋ, ಅಥವಾ ನಿಜವಾಗಿಯೂ ಮರಳಿಸಬೇಕಾದ್ದನ್ನೇ ಮರಳಿಸಿದರೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮಾನಕ್ಕೆ ಕೊಟ್ಟ ರೊಕ್ಕವೂ ತಪ್ಪಿಗೆ ಕೊಟ್ಟ ರೊಕ್ಕವೂ ಪೆಟ್ಟಿಗೆಯಲ್ಲಿ ಒಂದೇ ತರ ಕಾಣುತ್ತವೆ.

ಎರಡು ದಿನ ಬಿಟ್ಟು ಸುಳ್ಳದಿಂದ ಕರೆ ಬಂತು. ಪೇಟೆಯ ದಾರಿಯಲ್ಲೇ ಹೋದೆವು. ಸಾವಕಾರರು ಅಂಗಡಿಯ ಕಟ್ಟೆಯ ಮೇಲಿಂದ ನಮಸ್ಕಾರ ಮಾಡಿದರು, ನಾನೂ ಮಾಡಿದೆ. ಸ್ವಲ್ಪ ಮುಂದೆ ಮಿಸ್ತ್ರಿಯೂ ಶೆಡ್ಡಿನ ಬಾಗಿಲಿಗೆ ಬಂದು ಕೈ ಮುಗಿದ. ಇಬ್ಬರಲ್ಲಿ ಯಾರನ್ನೂ ನಾನು ನಂಬಿರಲಿಲ್ಲ. ಊರು ದಾಟಿ ಎರೆಹೊಲದ ದಾರಿ ಸಿಕ್ಕ ಮೇಲೆ ಡ್ರೈವರನಿಗೆ ಸಾವಕಾಶ ನಡೆಸಲು ಹೇಳಿ, ಹಿಂದಿನ ಕಮಾನಿನ ಸಪ್ಪಳಕ್ಕೆ ಕಿವಿ ಕೊಟ್ಟು ಕೂತೆ. ಹೊತ್ತು ಮೀರುವ ಮೊದಲೇ ಮುಟ್ಟಿದೆವು. ಆ ಮನೆಯ ಅಜ್ಜಿ ಬಾಗಿಲಿಗೆ ಬಂದು, "ಲಗೂ ಒಳಗ ಬರ್ರಿ," ಎಂದಳು.