ಎತ್ತಿ ಹಿಡಿದ ಎಡಗೈ

ಬುಯೆನೊಸ್ ಐರಿಸ್ ನಗರದ ಯಹೂದಿ ಪ್ರಾರ್ಥನಾಗೀತೆಗಳ ಲೋಕದಲ್ಲಿ ಮಾಯೆಸ್ತ್ರೊ ಹೆರ್ಶ್ ಬೊರೋವಿಚ್ ಅವರ ರಚನೆಗಳು ಇಂದಿಗೂ ಹಾಡುವವರ ಬಾಯಲ್ಲಿ ಉಳಿದಿದ್ದರೆ, ಅದರ ಶ್ರೇಯಸ್ಸು ಮೊದಲು ಸಲ್ಲಬೇಕಾದದ್ದು ಶ್ರೀಮತಿ ಸುಲಮಿತಾ ಕಪ್ಲುನ್ ಅವರಿಗೆ. ಹದಿಹರೆಯದಲ್ಲಿ ವಿಲ್ಯಾ ಕ್ರೆಸ್ಪೊ ಬಡಾವಣೆಯ ನಮ್ಮ ಪ್ರಾರ್ಥನಾಮಂದಿರವಾದ ಸಿನಗಾಗಿನ ಗಾಯಕವೃಂದಕ್ಕೆ ಸೇರಿ, ಗುರುಗಳಾದ ಬೊರೋವಿಚ್ ಅವರ ನಿಧನಾನಂತರ ಅದರ ನಿರ್ದೇಶಕಿಯಾಗಿ, ಅವರ ಗೀತೆಗಳನ್ನು ಹುಡುಕಿ, ಹಾಡಿಸಿ, ಅಚ್ಚಿಗೂ ಸಿದ್ಧಪಡಿಸಿದ ಈ ಹಿರಿಯರು ಈಗ ನಿವೃತ್ತರಾಗುತ್ತಿದ್ದಾರೆ. ಅವರ ಕೈಕೆಳಗೆ ಮಂದ್ರದ ಸಾಲಿನಲ್ಲಿ ನಿಂತು, ಧಾರಾಳವಾಗಿ ಬೈಸಿಕೊಂಡು, ಆ ಬೈಗುಳದ ಬಲದಿಂದಲೇ ಹಾಡುಗಾರನೆನಿಸಿಕೊಂಡವನು ನಾನು.

ನನ್ನ ತಂದೆ ತೀರಿಕೊಂಡಾಗ, ಸೂತಕದ ಏಳು ದಿನವೂ ಪ್ರಾರ್ಥನೆಗೆ ಬೇಕಾದ ಹತ್ತು ಮಂದಿ ನಮ್ಮ ಮನೆಯಲ್ಲಿ ಸೇರುವಂತೆ ನೋಡಿಕೊಂಡವರು ಅವರೇ. ಅಷ್ಟು ದಿನ ಹಾಡಿನ ಸುದ್ದಿ ಎತ್ತಲಿಲ್ಲ. ಎಂಟನೆಯ ದಿನ ಫೋನ್ ಬಂತು: "ನೀನು ಬರ್ತೀಯೋ, ಇಲ್ಲಾ ನಿನ್ನ ಜಾಗದಲ್ಲಿ ಬೀರು ನಿಲ್ಲಿಸಿಕೊಳ್ಳಲೋ?" ನಾನು ಹೋದೆ. ಹೋಗದಿದ್ದರೆ ಆ ವರ್ಷ ನಾನು ಏನಾಗುತ್ತಿದ್ದೆನೋ ದೇವರೇ ಬಲ್ಲ.

ಆದರೆ ಅವರ ಸೇವೆಯಲ್ಲಿ ನಾನು ಕಣ್ಣಾರೆ ಕಂಡ ಒಂದು ಘಟನೆಯನ್ನು ದಾಖಲಿಸದಿದ್ದರೆ ಈ ಲೇಖನ ಬರೆದೂ ವ್ಯರ್ಥ.

ಬೊರೋವಿಚ್ ಅವರಿಗೆ ತಮ್ಮ ಗೀತೆಗಳನ್ನು ಕೊನೆಯ ಗಳಿಗೆಯಲ್ಲಿ ಬದಲಿಸುವ ಚಾಳಿ ಇತ್ತು. ಅವರು ತೀರಿಕೊಳ್ಳುವ ಮುಂಚಿನ ಶುಕ್ರವಾರ ಸಂಜೆ, ನೆಮ್ಮದಿಯ ನಿದ್ದೆ ಬೇಡುವ ಪ್ರಾರ್ಥನೆಗೆ ಹೊಸ ಮುಕ್ತಾಯವೊಂದನ್ನು ಸಿನಗಾಗಿನ ಪಡಸಾಲೆಯಲ್ಲೇ ಗುನುಗಿ, ನಾಲ್ಕು ದನಿಯವರಿಗೂ ಬೇರೆ ಬೇರೆಯಾಗಿ ಹೇಳಿಕೊಟ್ಟು, ಅಂದಿನ ಪ್ರಾರ್ಥನೆಯಲ್ಲೇ ಹಾಡಿಸಿದರಂತೆ. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಆರಂಭವಾಗಿತ್ತು; ಬರೆಯುವಂತಿಲ್ಲ, ಧ್ವನಿಮುದ್ರಿಸುವಂತಿಲ್ಲ. ಮಂಗಳವಾರ ಗುರುಗಳು ಹೃದಯಾಘಾತದಿಂದ ಹೊರಟೇಹೋದರು. ವೃಂದದಲ್ಲಿ ಹಾಡುವವರ ಹಣೆಬರಹವೇ ಹಾಗೆ, ಪ್ರತಿಯೊಬ್ಬರಿಗೂ ನೆನಪಿರುವುದು ತಮ್ಮ ತಮ್ಮ ಸಾಲು ಮಾತ್ರ. ಸುಲಮಿತಾ ಅವರು ಮೂರು ಸಾಲುಗಳನ್ನು ಕೂಡಿಸಿದರು. ನಾಲ್ಕನೆಯದಾದ ಗಂಡಸರ ಏರುದನಿ ನುಹಿಮ್ ಸ್ಲಾವ್ಕಿನ್ ಅವರ ಬಳಿಯಿತ್ತು. ಅವರೋ, ಆ ಸಂಜೆಯಿಂದಾಚೆಗೆ ಸಿನಗಾಗಿನ ಹೊಸ್ತಿಲು ತುಳಿದಿರಲಿಲ್ಲ. ಗುರುಗಳೊಂದಿಗೆ ಏನೋ ಜಗಳವಾಗಿರಬೇಕೆಂದು ಎಲ್ಲರೂ ನಂಬಿದ್ದರು.

ಓನ್ಸೆ ಪೇಟೆಯಲ್ಲಿ ನುಹಿಮ್ ಅವರದು ಗುಂಡಿ ಅಂಗಡಿ. ಸುಲಮಿತಾ ಅವರು ವರ್ಷಗಟ್ಟಲೆ ಅಲ್ಲಿಗೆ ಹೋಗಿ ಗುಂಡಿ ಕೊಂಡರು, ಕೇಳಿದರು, ಇಲ್ಲವೆನಿಸಿಕೊಂಡು ಬಂದರು. ಅವರ ಮನೆಯಲ್ಲಿ ಇಂದಿಗೂ ಡಬ್ಬಿಗಟ್ಟಲೆ ಗುಂಡಿಗಳಿವೆ, ಹೊಲಿಯಲು ಅಂಗಿಗಳಿಲ್ಲ. ಹೋದ ವರ್ಷ ಗೀತಸಂಪುಟ ಅಚ್ಚಿಗೆ ಹೋಗುವ ಮುನ್ನ ಕೊನೆಯ ಸಲವೆಂದು ಹೊರಟಾಗ ನನ್ನನ್ನೂ ಕರೆದೊಯ್ದರು. ತೊಂಬತ್ತರ ಅಂಚಿನಲ್ಲಿದ್ದ ನುಹಿಮ್ ಗಾಜಿನ ಲೋಟದಲ್ಲಿ ಚಹಾ ಕೊಟ್ಟು, ಅಂದು ಮೊದಲ ಬಾರಿಗೆ ಕಾರಣ ಹೇಳಿದರು.

"ನಾನು ಅವತ್ತು ತಪ್ಪು ಹಾಡಿದೆ ಕಣಮ್ಮಾ. ಅಲ್ಲೇ ನಿಲ್ಲು ಅಂದಿದ್ರು, ಮೇಲಕ್ಕೆ ಹೋಗ್ಬಿಟ್ಟೆ. ಆ ಮನುಷ್ಯನ ಕೊನೇ ಶುಕ್ರವಾರ ಹಾಳು ಮಾಡಿದೋನು ನಾನು. ಅದನ್ನ ಅಚ್ಚು ಹಾಕಿಸಿ ಊರಿಗೆಲ್ಲ ಹಂಚ್ತೀಯಾ?"

ಸುಲಮಿತಾ ಅವರು ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟರು. ಗುರುಗಳೇ ಹಾಗೆ ಹೇಳಿಕೊಟ್ಟಿದ್ದರೆಂದು ಅಷ್ಟು ವರ್ಷವೂ ಅವರು ತಿಳಿದಿದ್ದರು. ದನಿ ಮೇಲೇರಿದ್ದು ನೆನಪಿತ್ತು, ಎಲ್ಲಿಗೆ ಏರಿತೆಂಬುದು ಮಾತ್ರ ಮರೆತಿತ್ತು.

"ತಪ್ಪಿದ ಮೇಲೆ ಕಣ್ಣು ಮುಚ್ಚಿಕೊಂಡ್ರಾ, ದೊನ್ ನುಹಿಮ್?"

"ಮುಚ್ಚದೆ? ಅವರ ಮುಖ ನೋಡೋ ಧೈರ್ಯ ಯಾರಿಗಿತ್ತು?"

"ಅದಕ್ಕೇ ನಿಮಗೆ ಕಾಣಲಿಲ್ಲ. ಎಡಗೈ ನಿಮ್ಮ ಕಡೆ ಎತ್ತಿ ಹಿಡಿದಿದ್ರು, ಇನ್ನೂ ಹಾಡು ಅಂತ. ಬಲಗೈಯಲ್ಲಿ ನಮ್ಮನ್ನೆಲ್ಲ ತಡೆದು ನಿಲ್ಲಿಸಿದ್ರು. ನಿಮ್ಮ ಸ್ವರ ಮುಗಿಯೋ ತನಕ ಕೈ ಇಳಿಸಲಿಲ್ಲ. ನಗ್ತಿದ್ರು, ನುಹಿಮ್. ಅಷ್ಟು ಸಂತೋಷದಲ್ಲಿ ನಾನು ಅವರನ್ನ ನೋಡಿದ್ದೇ ಇಲ್ಲ."

ಆ ಮುದುಕರು ಗುಂಡಿಯ ಖಾನೆಗಳ ನಡುವೆ ಎದ್ದು ನಿಂತು, ನಡುಗುವ ದನಿಯಲ್ಲಿ ಆ ಸಾಲನ್ನು ಹಾಡಿದರು. ಸುಲಮಿತಾ ಅವರು ತಮ್ಮ ಸಾಲು ಸೇರಿಸಿದರು, ನಾನು ಮಂದ್ರ ಸೇರಿಸಿದೆ. ನನಗೆ ಅಳು ತಡೆಯಲಾಗಲಿಲ್ಲ. ಸುಲಮಿತಾ ಅವರು ತಾವೂ ಅಳುತ್ತಲೇ ನನ್ನ ಶ್ರುತಿ ತಿದ್ದಿದರು.

ಅಡಿಟಿಪ್ಪಣಿಯಲ್ಲಿ ಅದು ತಪ್ಪೆಂದು ನಮೂದಿಸಬೇಕೆಂದು ನುಹಿಮ್ ಹಟ ಹಿಡಿದರು. ಸುಲಮಿತಾ ಅವರು ಒಪ್ಪಲಿಲ್ಲ. ಗುರುಗಳು ಕೈಯೆತ್ತಿ ಒಪ್ಪಿದ ಮೇಲೆ ಅದು ಗುರುಗಳದ್ದೇ ಎಂದು ವಾದಿಸಿದರು. ಸಂಪುಟದಲ್ಲಿ ಆ ಏರುಸ್ವರದ ಮೇಲೆ, ಮೆಲ್ಲಗೆ ಎಂದೋ ಗಟ್ಟಿಯಾಗಿ ಎಂದೋ ಸೂಚಿಸುವ ಜಾಗದಲ್ಲಿ, ಎರಡೇ ಪದ ಬರೆಸಿದ್ದಾರೆ: "ಕಣ್ಣು ತೆರೆದು."

ಪುಸ್ತಕ ಬಿಡುಗಡೆಯಾದ ಶುಕ್ರವಾರ ನುಹಿಮ್ ಬಂದು, ಹಾಗೆಯೇ ಹಾಡಿದರು.

ನೂರಿಪ್ಪತ್ತು ವರ್ಷ ತುಂಬಲಿ ಎಂದು ಹಾರೈಸುವುದು ನಮ್ಮವರ ರೂಢಿ. ಸುಲಮಿತಾ ಅವರಿಗೂ ಅಷ್ಟು ತುಂಬಲಿ, ಗುರುಗಳ ಉಳಿದ ಗೀತೆಗಳೂ ಅವರ ಕೈಯಿಂದಲೇ ಅಚ್ಚಾಗಲಿ. ನಿವೃತ್ತಿಯಾದರೂ ಶುಕ್ರವಾರಗಳಂದು ಅವರು ಮೊದಲ ಸಾಲಿನಲ್ಲೇ ಕುಳಿತಿರಬೇಕು. ತಪ್ಪಿ ಹಾಡುವವರು ನಾವಿನ್ನೂ ಇದ್ದೇವೆ. ಆ ಎಡಗೈ ನಮಗೆ ಕಾಣುತ್ತಿರಲಿ.