ಬಾವಲಿ ನೋಡಲು ಹೋಗಿ ಹಗೇವಿನ ಬಾಯಲ್ಲಿ

ಸಿರಾ ಬಿಟ್ಟಾಗ ಹತ್ತು ಗಂಟೆ ದಾಟಿತ್ತು. ಹೋಳಿ ಹುಣ್ಣಿಮೆ ಕಳೆದ ಎರಡನೆಯ ಶನಿವಾರ, ಬಿಸಿಲು ಆಗಲೇ ಬಸ್ಸಿನ ತಗಡನ್ನು ಕಾಯಿಸಿತ್ತು. ನಾನು, ನಮ್ಮ ಯಜಮಾನರು, ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು ರಹಮತ್ ಸಾಹೇಬರು, ಮೂವರೇ ಹೊರಟಿದ್ದೆವು. ಚನ್ನರಾಯನದುರ್ಗದ ಬುಡದಲ್ಲಿ ಹಳೆಯ ಕಿಲ್ಲೇದಾರರೊಬ್ಬರ ಮನೆಯಿದೆ, ಸಂಜೆ ಅಲ್ಲಿಂದ ಬಾವಲಿಗಳು ಏಳುವುದನ್ನು ತೋರಿಸುವ ಗಂಡಹೆಂಡಿರಿದ್ದಾರೆ ಎಂದು ಸಾಹೇಬರು ಒಂದು ವರ್ಷದಿಂದ ಹೇಳುತ್ತಿದ್ದರು. ನಾನು ಒಂಬತ್ತನೇ ತರಗತಿಗೆ ವಿಜ್ಞಾನ ಹೇಳುವವಳು. ಬಾವಲಿಯನ್ನು ಪುಸ್ತಕದ ಚಿತ್ರದಲ್ಲಲ್ಲದೆ ಹತ್ತಿರದಿಂದ ಕಂಡಿರಲಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತರಾಗಿರುವ ನಮ್ಮವರು ಹೊಸದಾಗಿ ಒಂದು ಕ್ಯಾಮೆರಾ ಕೊಂಡಿದ್ದರು. ಅದಕ್ಕೊಂದು ನೆಪ ಬೇಕಾಗಿತ್ತು.

ಮಧುಗಿರಿಗೆ ತಲೆಗೆ ಎರಡು ರೂಪಾಯಿ ಚಿಲ್ಲರೆ. ಅಲ್ಲಿನ ಹೋಟೆಲಿನಲ್ಲಿ ಇಡ್ಲಿ ಮುಗಿದಿತ್ತು, ಉಪ್ಪಿಟ್ಟು ಉಪ್ಪಾಗಿತ್ತು. ಕೊರಟಗೆರೆ ಬಸ್ಸು ಹಿಡಿದು ಅಡ್ಡರಸ್ತೆಯೊಂದರಲ್ಲಿ ಇಳಿದೆವು. ಅಲ್ಲಿಂದ ಒಂದು ಗಂಟೆಯ ನಡಿಗೆ. ದಾರಿಯುದ್ದ ಹುಣಸೆ ಮರದಡಿ ಹೆಂಗಸರು ಕಾಯಿ ಬಡಿಯುತ್ತ ಕೂತಿದ್ದರು. ದುರ್ಗದ ಬಂಡೆ ಎಷ್ಟು ನಡೆದರೂ ಅಷ್ಟೇ ದೂರದಲ್ಲಿತ್ತು.

ಮನೆ ಎಂದರೆ ಈಗ ಅರ್ಧ ಮನೆ. ಮುಂದಿನ ಜಗಲಿಯ ಕಲ್ಲುಕಂಬಗಳು ನೆಟ್ಟಗಿವೆ. ಹಿಂದಿನ ನಡುಮನೆಯ ಸೂರು ಒಂದು ಮೂಲೆಯಲ್ಲಿ ಕುಸಿದು ಆಕಾಶ ಕಾಣುತ್ತದೆ. ಉಳಿದ ತೊಲೆಗಳೆಲ್ಲ ಬಾವಲಿಗಳದು. ಒಡೆಯರು ಪಟ್ಟಣ ಸೇರಿದ ಮೇಲೆ ಕುರಿ ಸಾಕುವ ಕರಿಯಪ್ಪ, ಅವನ ಹೆಂಡತಿ ಲಿಂಗಮ್ಮ ಪಕ್ಕದ ಕೊಟ್ಟಿಗೆಯಲ್ಲಿದ್ದುಕೊಂಡು ಅದನ್ನು ನೋಡಿಕೊಳ್ಳುತ್ತಾರೆ. ಇಬ್ಬರಿಗೂ ಐವತ್ತರ ಮೇಲಾಗಿತ್ತು. ಲಿಂಗಮ್ಮ ನಮಗೆ ಮಜ್ಜಿಗೆ ಕೊಟ್ಟು, ಚಪ್ಪಲಿ ಬಿಡಿಸಿ, ಸೂರ್ಯ ಇಳಿಯುವ ಹೊತ್ತಿಗೆ ಒಳಗೆ ಕರೆದೊಯ್ದಳು.

"ಗ್ವಾಡೆ ಸವರ್ಕಂಡೇ ಬರ್ಬೇಕು. ನಡೂಮಧ್ಯ ಹಗೇವೈತೆ" ಎಂದಳು. ಹಗೇವು ಎಂದರೆ ಹಿಂದೆ ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. "ಈಗ ರಾಗಿ ಎಲ್ಲಿ ಬಂತು? ಬಾವ್ಲಿ ಹಿಕ್ಕೆ ಗುಡ್ಸಿ ಅದ್ರಾಗೇ ತುಂಬ್ತೀವಿ. ಮಳೆಗಾಲಕ್ಕೆ ಮುಂಚೆ ಎಲೆತ್ವಾಟದೋರು ಬಂದು ಗೊಬ್ರಕ್ಕೆ ಒಯ್ತಾರೆ."

ನಾವು ಗೋಡೆಗೆ ಬೆನ್ನು ಕೊಟ್ಟು ಕುಳಿತೆವು. ವಾಸನೆ ಕಣ್ಣಿಗೆ ಈರುಳ್ಳಿಯಂತೆ ಹತ್ತುತ್ತಿತ್ತು. ಮೇಲೆ ಕಿಚಿಪಿಚಿ ಶುರುವಾಯಿತು.

"ಕೇಳ್ರಿ, ಥೇಟ್ ಯಂಗಸ್ರಂಗೆ. ಎಲ್ಲಾ ಒಟ್ಗೇ ಮಾತಾಡ್ತವೆ" ಎಂದ ಕರಿಯಪ್ಪ.

"ಹಗಲೆಲ್ಲಾ ನೇತಾಕ್ಕಂಡು ನಿದ್ದೆ ಹೊಡಿಯೋವು ಗಂಡಸ್ರು ಕಣಮ್ಮ, ಅದ್ನೂ ಹೇಳ್ಬೇಕಲ್ಲ" ಎಂದಳು ಲಿಂಗಮ್ಮ. "ಮೊದ್ಲು ಸಣ್ಣವು ಏಳ್ತವೆ, ಹಿಂದ್ಗುಟ್ಟೆ ದೊಡ್ಡವು. ಉಸ್ರು ಬುಡ್ದಂಗೆ ನೋಡಿ."

ಮೊದಲ ಹತ್ತಿಪ್ಪತ್ತು ಸೂರಿನ ಬಿರುಕಿನಿಂದ ಜಾರಿದವು. ಆಮೇಲೆ ಸಾಲು. ನಮ್ಮವರು ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಎದ್ದು ನಿಂತರು. ಇಡೀ ಬಿರುಕು ಚಿತ್ರದೊಳಗೆ ಹಿಡಿಸಲಿಲ್ಲವೇನೋ, ಮೇಲೆ ನೋಡುತ್ತಲೇ ಎರಡು ಹೆಜ್ಜೆ ಹಿಂದಿಟ್ಟರು. "ಸ್ವಾಮೇರಾ!" ಎಂದು ಕರಿಯಪ್ಪ ಕೂಗುವಷ್ಟರಲ್ಲಿ ಬಿದಿರು ಮುರಿದ ಸದ್ದಾಯಿತು. ಅಷ್ಟೇ. ಅಲ್ಲಿ ಅವರಿರಲಿಲ್ಲ.

ಹಗೇವಿಗೆ ಬಂಡೆಯ ಮುಚ್ಚಳವಿದೆ. ಆ ವಾರ ಹಿಕ್ಕೆ ತುಂಬುವುದು ಇನ್ನೂ ನಡೆದಿದ್ದರಿಂದ ಅದನ್ನು ಎಳೆಯದೆ ಬಿದಿರ ತಟ್ಟಿ ಹಾಕಿ ಮಣ್ಣು ಮೆತ್ತಿದ್ದರು. ಕೆಳಗಿನಿಂದ ಅವರ ದನಿ ಬಂತು: "ಏನಾಗಿಲ್ಲ, ಮೆತ್ತಗಿದೆ, ಉಸಿರು... ಸ್ವಲ್ಪ..." ಒಂದೂವರೆ ಆಳು ಆಳ. ನಾನು ಒಂದು ಕಾಲು ಬಾಯೊಳಗೆ ಇಳಿಬಿಟ್ಟಿದ್ದೆ. ಜಡೆಗೆ ಯಾರೋ ಕೈಹಾಕಿ ಎಳೆದು ಅಂಗಾತ ಕೆಡವಿದರು. ಲಿಂಗಮ್ಮ.

"ಒಬ್ರು ಹೋಗವ್ರೆ, ಇನ್ನೊಬ್ರು ಹೋಗ್ಬ್ಯಾಡಿ!"

"ಅರೆ, ಮೈಂ ಉತರ್ತಾ ಹೂಂ, ನಾನಿಳೀತೀನಿ, ಹಗ್ಗ ಕೊಡಿ" ಎಂದು ರಹಮತ್ ಸಾಹೇಬರು ಮುಂದೆ ಬಂದರು. ಲಿಂಗಮ್ಮ ಅವರ ಎದೆಗೆ ಕೈಯೊಡ್ಡಿದಳು. "ದೀಪ ಕೇಳ್ದೆ ಯಾರೂ ಇಳ್ಯಂಗಿಲ್ಲ ಸಾಬ್ರೇ."

ಕರಿಯಪ್ಪ ಲಾಟೀನು ಹಚ್ಚಿ ಹಗ್ಗದಲ್ಲಿ ಇಳಿಬಿಟ್ಟ. ಆಳುದ್ದ ಇಳಿಯುವ ಮೊದಲೇ ಬತ್ತಿ ಕುಗ್ಗಿ ಆರಿತು. ಅಂಗಾರಾಮ್ಲ ಗಾಳಿಗಿಂತ ಭಾರ, ಅದರಲ್ಲಿ ದೀಪ ಉರಿಯುವುದಿಲ್ಲ ಎಂದು ಪ್ರತಿ ವರ್ಷ ಮಕ್ಕಳಿಗೆ ಜಾಡಿಯಲ್ಲಿ ಮೋಂಬತ್ತಿ ಇಳಿಸಿ ತೋರಿಸುವವಳು ನಾನು. ಆ ಕ್ಷಣ ಅದೊಂದೂ ನೆನಪಿರಲಿಲ್ಲ. ಮಾಸ್ತರಿಕೆಯ ನನ್ನ ಕಾಲು ಹಗೇವಿನೊಳಗಿತ್ತು, ಓದು ಬಾರದ ಅವಳ ಕೈ ನನ್ನ ಜಡೆಯಲ್ಲಿತ್ತು. ಈಗಲೂ ಇದನ್ನು ಬರೆಯುವಾಗ ನೆತ್ತಿ ಚುರುಗುಟ್ಟುತ್ತದೆ.

ಕರಿಯಪ್ಪ ಹೆಗಲ ಕಂಬಳಿ ತೆಗೆದು ನಾಲ್ಕೂ ಮೂಲೆಗೆ ಹಗ್ಗ ಬಿಗಿದ. ಅದನ್ನು ಹಗೇವಿಗೆ ಬಿಟ್ಟು ಜೋರಾಗಿ ಮೇಲೆಳೆದ. ಮತ್ತೆ ಬಿಟ್ಟ, ಮತ್ತೆ ಎಳೆದ. ಸಾಹೇಬರು ಎದುರು ನಿಂತು ಇನ್ನೊಂದು ಹಗ್ಗ ಹಿಡಿದರು. ಮಜ್ಜಿಗೆ ಕಡೆಯುವಂತೆ ಇಬ್ಬರೂ ಆ ಕೆಟ್ಟ ಗಾಳಿಯನ್ನು ಕಡೆದು ಹೊರಚೆಲ್ಲುತ್ತಿದ್ದರು. ಪ್ರತಿ ಎಳೆತಕ್ಕೂ ಮೂಗು ಕತ್ತರಿಸುವ ನಾತ ಮುಖಕ್ಕೆ ಹೊಡೆಯುತ್ತಿತ್ತು.

"ನೀನು ಮಾತಾಡ್ಸಮ್ಮ ಯಜಮಾನ್ರನ್ನ, ಮಲಗಕ್ಕೆ ಬುಡ್ಬ್ಯಾಡ" ಎಂದಳು ಲಿಂಗಮ್ಮ.

"ರೀ, ಕೇಳಿಸ್ತಿದೆಯಾ?"

"ಹೂಂ."

"ಇಂಗೆ ಮುದ್ದು ಮಾಡಿದ್ರೆ ಮಲಗ್ಬುಡ್ತಾರೆ. ಬಯ್ಯಿ! ಕ್ವಾಪಕ್ಕಾದ್ರೂ ಎಚ್ರ ಇರ್ತಾರೆ."

ಬೈದೆ. ಕ್ಯಾಮೆರಾ ಕೊಂಡದ್ದಕ್ಕೆ ಬೈದೆ, ಅವರ ತಮ್ಮನ ಮದುವೆಯಲ್ಲಿ ನನ್ನನ್ನು ಬಸ್ ನಿಲ್ದಾಣದಲ್ಲಿ ಮರೆತು ಹೋದದ್ದಕ್ಕೆ ಬೈದೆ. "ಮರೆತಿರಲಿಲ್ಲ..." ಎಂದರು ನಿಧಾನವಾಗಿ. ಮತ್ತೆ ಬೈದೆ. ಆಮೇಲೆ ಉತ್ತರ ಬರಲಿಲ್ಲ.

ಕಂಬಳಿ ಇನ್ನೂ ಹತ್ತಾರು ಸಲ ಇಳಿದು ಏರಿತು. ಎರಡನೇ ಸಲ ಇಳಿಸಿದ ಲಾಟೀನು ಕುಗ್ಗಿತು, ನಡುಗಿತು, ಆರಲಿಲ್ಲ. ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿದರು. ಕರಿಯಪ್ಪ ಒದ್ದೆ ಟವಲು ಮುಖಕ್ಕೆ ಸುತ್ತಿ, ಒಂದು ಹಗ್ಗ ತನ್ನ ಸೊಂಟಕ್ಕೆ ಕಟ್ಟಿ, ಇನ್ನೊಂದನ್ನು ಕೈಲಿ ಹಿಡಿದು ಇಳಿದುಬಿಟ್ಟ. ಅವನ ಹಗ್ಗದ ತುದಿಯನ್ನು ಲಿಂಗಮ್ಮ ತನ್ನ ನಡುವಿಗೆ ಎರಡು ಸುತ್ತು ಬಿಗಿದು ಕಲ್ಲಿಗೆ ಕಾಲು ಕೊಟ್ಟು ಕುಳಿತಳು. ನನ್ನನ್ನು ತಡೆದವಳು ತನ್ನ ಗಂಡನನ್ನು ತಡೆಯಲಿಲ್ಲ.

ನನ್ನ, ಸಾಹೇಬರ ಕೈಯಲ್ಲಿದ್ದ ಇನ್ನೊಂದು ಹಗ್ಗ ಎರಡು ಸಲ ಜಗ್ಗಿತು. ಎಳೆದೆವು. ನಮ್ಮವರ ತಲೆ, ಭುಜ, ಆಮೇಲೆ ಇಡೀ ಮೈ, ಹಿಕ್ಕೆಯಲ್ಲಿ ಮಿಂದು ಕಪ್ಪಾಗಿ ಮೇಲೆ ಬಂತು. ಹಿಂದೆಯೇ ಕರಿಯಪ್ಪನನ್ನು ಎಳೆದೆವು. ಜಗಲಿಗೆ ಹೊತ್ತು ತಂದು ಗಾಳಿಗೆ ಮಲಗಿಸಿದಾಗ ನಮ್ಮವರು ಕೆಮ್ಮಿ, ವಾಂತಿ ಮಾಡಿ, ಕಣ್ಣು ಬಿಟ್ಟು, "ನಿನ್ನ ಬಿಟ್ಟು ಹೋಗಿರಲಿಲ್ಲ ಕಣೇ, ಟಿಕೆಟ್ ತರಕ್ಕೆ ಹೋಗಿದ್ದೆ" ಎಂದರು.

ಕರಿಯಪ್ಪ ಕಂಬಕ್ಕೊರಗಿ ಕೆಮ್ಮುತ್ತಲೇ ನಕ್ಕ. "ಯಾ ಅಲ್ಲಾ" ಎಂದು ಸಾಹೇಬರು ಅಲ್ಲೇ ಕುಸಿದು ಕುಳಿತರು.

ಲಿಂಗಮ್ಮನ ಕೈ ಹಿಡಿದು, "ಅವರು ಇಳಿಯುವಾಗ ನಿಮಗೆ ಭಯವಾಗಲಿಲ್ಲವೇ?" ಎಂದೆ.

"ಆಗ್ದೇ ಇರ್ತದಾ? ನಿಂಗೆ ಬಯ್ಯಿ ಅಂದ್ನಲ್ಲ, ನಂಗೆ ಬಯ್ಯಾಕೂ ಬಾಯಿ ಬರ್ನಿಲ್ಲ." ಸೆರಗಿನಿಂದ ನನ್ನ ಮುಖಕ್ಕೆ ಮೆತ್ತಿದ್ದ ಹಿಕ್ಕೆ ಒರೆಸಿದಳು. "ಬಂಡೆ ಮುಚ್ಚಿದ್ರೆ ಇಂಗಾಗ್ತಿರ್ಲಿಲ್ಲ. ನಮ್ದೇ ತೆಪ್ಪು ಕಣಮ್ಮ."

ಅದು ಅವಳ ತಪ್ಪಲ್ಲ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ.

ಕೋಳಿ ಕೂಗುವ ಹೊತ್ತಿಗೆ ಅವಳೇ ನಮ್ಮನ್ನು ಎಬ್ಬಿಸಿ, "ನೋಡಾಕ್ ಬಂದಿದ್ದು ನೋಡ್ಕಂಡೋಗಿ" ಎಂದು ಅಂಗಳಕ್ಕೆ ಕರೆದಳು. ಬೂದಿ ಬಣ್ಣದ ಆಕಾಶದಿಂದ ಬಾವಲಿಗಳು ಒಂದೊಂದೇ ಇಳಿದು, ಸೂರಿನ ಬಿರುಕಿನ ಮುಂದೆ ಒಂದು ಸುತ್ತು ಹಾಕಿ ಒಳಗೆ ಜಾರುತ್ತಿದ್ದವು. ಒಂದು ತಾಯಿ ಎದೆಗೆ ಮರಿಯನ್ನು ಕಚ್ಚಿಸಿಕೊಂಡೇ ಬಂತು. ನಮ್ಮವರು ಗೋಡೆಗೊರಗಿ ಬಾಯಿ ತೆರೆದು ನೋಡುತ್ತಿದ್ದರು. ಅಷ್ಟು ಚೆಂದದ್ದನ್ನು ನಾನು ಹೆಚ್ಚು ಹೊತ್ತು ನೋಡಲಿಲ್ಲ. ಅವರ ಎದೆ ಏರಿಳಿಯುವುದನ್ನು ನೋಡುತ್ತಿದ್ದೆ.

ಬಿಸಿಲೇರುವ ಮೊದಲು ಹೊರಟೆವು. ಕರಿಯಪ್ಪ ಅಡ್ಡರಸ್ತೆಯವರೆಗೂ ಬಂದು ಬಸ್ಸು ಹತ್ತಿಸಿದ. ಮಧುಗಿರಿಯ ಡಾಕ್ಟರು ಎದೆ ಪರೀಕ್ಷಿಸಿ, "ಯಾರು ಗಾಳಿ ಆಡಿಸಿದ್ದು?" ಎಂದು ಕೇಳಿದರು. ಹೇಳಿದೆವು. ಅವರು ಸ್ಟೆತಾಸ್ಕೋಪು ಮಡಿಚಿಟ್ಟು, "ಅವರಿಗೆ ಕಾಗದ ಬರೀರಿ" ಎಂದರು. ಓದಲು ಬಾರದವರಿಗೆ ಏನು ಬರೆಯುವುದು? ಅದಕ್ಕೇ ಓದುವವರಿಗಾಗಿ ಇಲ್ಲಿ ಬರೆದಿದ್ದೇನೆ.

ಸಿರಾ ಬಸ್ಸಿನಲ್ಲಿ ಕಿಟಕಿಯ ಗಾಳಿಗೆ ನಮ್ಮವರ ತಲೆ ನನ್ನ ಭುಜಕ್ಕೆ ವಾಲಿತು. ಅಲುಗಾಡಿಸಿ ಎಬ್ಬಿಸಿದೆ. "ರಾತ್ರಿ ಅಡಿಗೆಗೆ ಏನು ಮಾಡಲಿ?" ಎಂದೆ. "ಏನಾದ್ರೂ" ಎಂದು ಕಣ್ಣು ಮುಚ್ಚಿದರು. ಮತ್ತೆ ಎಬ್ಬಿಸಿದೆ. ಮೂರನೇ ಸಲಕ್ಕೆ ಕಂಡಕ್ಟರು, "ಪಾಪ, ಮಲಗಕ್ಕೆ ಬುಡಮ್ಮ ಯಜಮಾನ್ರನ್ನ" ಎಂದ.

ಸಿರಾ ಬರುವವರೆಗೂ ಬಿಡಲಿಲ್ಲ.